ಕಡತಗಳು ನಡೆದ ದಾರಿ

ಬೆಂಗಳೂರಿನಲ್ಲಿ ಬೆಳಗಿನ ಏಳು ಗಂಟೆ. ಬಿಸಿಲು ಮೊದಲು ಗುಮ್ಮಟದ ನೆತ್ತಿಯ ಸಿಂಹಗಳ ಮೇಲೆ ಬಿದ್ದು, ಎದುರಿನ ಹನ್ನೆರಡು ಕಂಬಗಳ ಮೈ ಸವರುತ್ತಾ ನಿಧಾನಕ್ಕೆ ಮೆಟ್ಟಿಲಿಗೆ ಇಳಿಯುತ್ತದೆ. ವಿಧಾನಸೌಧದ ಬೂದುಗಲ್ಲಿಗೆ ಆ ಹೊತ್ತಿನಲ್ಲಿ ಮಾತ್ರ ಒಂದಿಷ್ಟು ಜೇನಿನ ಬಣ್ಣ. ಪೌರಕಾರ್ಮಿಕರ ಪೊರಕೆಯ ಸರಬರ ಬಿಟ್ಟರೆ ಅಂಬೇಡ್ಕರ್ ಬೀದಿಯಲ್ಲಿ ಸದ್ದಿಲ್ಲ. ರಾತ್ರಿ ಬಸ್ಸಿಗೆ ಬಂದಿಳಿದ ಹಿರಿಯರೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದಗಳನ್ನು ಕಂಕುಳಲ್ಲಿ ಅವುಚಿಕೊಂಡು ಕಂಬಿಬೇಲಿಯ ಪಕ್ಕ ನಿಂತಿದ್ದರು. "ಬಹುಮಹಡಿ ಕಟ್ಟಡ ಯಾವ ಕಡೀಕೆ ಸ್ವಾಮಿ?" ಕೈ ತೋರಿಸಿ, ಬಾಗಿಲು ತೆಗೆಯುವುದು ಹತ್ತಕ್ಕೆ ಎಂದೆ. "ಇರ್ಲಿ, ನೋಡ್ತಾ ಕುಂತಿರ್ತೀನಿ" ಎಂದವರು ನಿಜಕ್ಕೂ ಕಟ್ಟಡವನ್ನು ನೋಡುತ್ತಾ ಕುಳಿತರು.

ನೋಡುವಂಥದ್ದೇ. 1951ರಲ್ಲಿ ನೆಹರೂ ಅಡಿಗಲ್ಲು ಇಟ್ಟರು. ಆಮೇಲೆ ಬಂದ ಕೆಂಗಲ್ ಹನುಮಂತಯ್ಯನವರು ಹಟ ತೊಟ್ಟವರಂತೆ ಕಟ್ಟಿಸಿದರು. ಎಂಜಿನಿಯರ್ ಮಾಣಿಕ್ಯಂ ಅವರ ಕೈಕೆಳಗೆ ಸಾವಿರಾರು ಕೂಲಿಗಳ ಜೊತೆ ಜೈಲಿನ ಕೈದಿಗಳೂ ದುಡಿದರು. 1956ಕ್ಕೆ ಮುಗಿದಾಗ ಕೋಟಿಗಳ ಲೆಕ್ಕ ಕೇಳಿ ಹುಬ್ಬೇರಿಸಿದವರೆಷ್ಟೋ. ಇಂದಿನವರು ಹುಬ್ಬೇರಿಸುವುದು ಹಣೆಯ ಮೇಲಿನ 'ಸರ್ಕಾರದ ಕೆಲಸ ದೇವರ ಕೆಲಸ' ಎಂಬ ಸಾಲನ್ನು ಓದಿದಾಗ.

ಸರ್ಕಾರ ಇಲ್ಲಿಗೆ ಬರುವ ಮುನ್ನ ಎದುರು ಮನೆಯಲ್ಲಿತ್ತು. ರಸ್ತೆ ದಾಟಿದರೆ ಮುಗಿಯಿತು, ಇಟ್ಟಿಗೆಗೆಂಪಿನ ಅಠಾರ ಕಚೇರಿ. ಉರ್ದುವಿನ ಅಠಾರಾ ಎಂದರೆ ಹದಿನೆಂಟು. 1868ರಲ್ಲಿ ಹದಿನೆಂಟು ಇಲಾಖೆಗಳು ಗಂಟುಮೂಟೆ ಸಮೇತ ಬಂದಿಳಿದ ಕಟ್ಟಡವಿದು. ಈಗ ಹೈಕೋರ್ಟು. ಹತ್ತರ ಹೊತ್ತಿಗೆ ಕರಿಕೋಟುಗಳು ದಡದಡ ಒಳನುಗ್ಗುತ್ತವೆ. 1980ರ ದಶಕದಲ್ಲಿ ಇದನ್ನು ಕೆಡವುವ ಮಾತೂ ಎದ್ದಿತ್ತು. ಊರಿನವರು ಸುಮ್ಮನಿರದೆ ಕೋರ್ಟಿಗೆ ಹೋದರು, ಕಟ್ಟಡ ಉಳಿಯಿತು.

ಅದರ ಹಿಂದೆ ಕಬ್ಬನ್ ಪಾರ್ಕಿನ ಒದ್ದೆ ಎಲೆಯ ವಾಸನೆ. ಬಿದಿರ ಮೆಳೆಗಳ ನೆರಳು ಹಿಡಿದು ಕಸ್ತೂರಬಾ ರಸ್ತೆಯತ್ತ ನಡೆದರೆ ಇನ್ನೊಂದು ಕೆಂಪು ಕಟ್ಟಡ, ಸರ್ಕಾರಿ ವಸ್ತುಸಂಗ್ರಹಾಲಯ. ಎಡ್ವರ್ಡ್ ಬಾಲ್ಫೋರ್ ಎಂಬ ಸರ್ಜನ್ 1865ರಲ್ಲಿ ಶುರು ಮಾಡಿದ ಸಂಗ್ರಹ. ಹಿಂದೊಮ್ಮೆ ಇಲ್ಲಿ ನಾನು ಅರ್ಧ ತಾಸು ನಿಂತದ್ದು ಒಂದೇ ಕಲ್ಲಿನ ಮುಂದೆ. ಆತಕೂರಿನ ಶಾಸನ, ಸುಮಾರು 949ರದ್ದು. ಬಾಗಿ ನೋಡಿದರೆ ತಲೆಯ ಭಾಗದಲ್ಲಿ ಹಂದಿಯ ಮೇಲೆ ಹಾರಿಬಿದ್ದ ನಾಯಿ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ದೊರೆ ಏನು ಬೇಕೋ ಕೇಳು ಎಂದನಂತೆ. ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ಹೆಸರಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿಯೂ ಬಂತು. ಸಾವಿರ ವರ್ಷ ದಾಟಿದರೂ ಅದರ ಹಿಡಿತ ಸಡಿಲಿಲ್ಲ. ಪಕ್ಕದಲ್ಲೇ ಶಾಲೆಯ ಮಕ್ಕಳ ಸಾಲು ಓಡಿಹೋಯಿತು, ಒಂದು ಹುಡುಗಿ ಮಾತ್ರ ಹಿಂತಿರುಗಿ ಬಂದು "ನಾಯಿ!" ಎಂದಳು.

ಮಧ್ಯಾಹ್ನಕ್ಕೆ ಪೇಟೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರು ಇಷ್ಟೇ ಇಷ್ಟು. ಅದರ ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಹಳೇ ಪುಸ್ತಕದ ಮುಗ್ಗಲು, ಹೊಸ ಸೀರೆಯ ಗಂಜಿ, ಕರಿದೆಣ್ಣೆ ಎಲ್ಲ ಒಂದೇ ಉಸಿರಿಗೆ ಸಿಗುತ್ತವೆ. "ಸೈಡು, ಸೈಡು" ಎನ್ನುತ್ತಾ ಹಮಾಲಿಗಳು ತಳ್ಳುಗಾಡಿಯನ್ನು ಜನರ ಹಿಮ್ಮಡಿಗೇ ತಂದು ನಿಲ್ಲಿಸುತ್ತಾರೆ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ: ಹೆಸರಿನಲ್ಲೇ ಕಸುಬು. ಬಳೇಪೇಟೆಯಲ್ಲಿ ಇಂದು ಬಳೆಗಿಂತ ತಬಲಾ, ಹಾರ್ಮೋನಿಯಂಗಳೇ ಕಣ್ಣಿಗೆ ಬೀಳುತ್ತವೆ.

ಮಾರ್ಕೆಟ್ಟಿನ ಹೂವಿನ ಘಾಟು ದಾಟಿ, ಕೋಟೆ ವೆಂಕಟರಮಣನ ಗುಡಿಯ ಪಕ್ಕ ತಿರುಗಿದರೆ ಗದ್ದಲ ಕಿವಿಯಿಂದ ಕಳಚಿಬಿದ್ದಂತಾಗುತ್ತದೆ. ಟಿಪ್ಪುವಿನ ಬೇಸಿಗೆ ಅರಮನೆ. ಹೈದರಾಲಿ 1781ರಲ್ಲಿ ಆರಂಭಿಸಿ, ಮಗ 1791ರಲ್ಲಿ ಮುಗಿಸಿದ್ದು. ತೇಗದ ಕಂಬಗಳ ಪಟ್ಟೆಗಳ ಮೇಲೆ ಬೆಳಕು ಗೆರೆ ಗೆರೆಯಾಗಿ ಇಳಿಯುತ್ತದೆ, ಒಳಗೆ ತಂಪು, ಹಳೇ ಮರದ ವಾಸನೆ. ಹದಿನೆಂಟು ಇಲಾಖೆಗಳು ಗಂಟುಮೂಟೆ ಕಟ್ಟಿದ್ದು ಇಲ್ಲಿಂದಲೇ. 1831ರಿಂದ 37 ವರ್ಷ ಬ್ರಿಟಿಷರ ಸೆಕ್ರೆಟರಿಯೇಟು ಈ ಕಂಬಗಳ ನಡುವೆಯೇ ಇತ್ತು. ದೊರೆ ದರ್ಬಾರು ನಡೆಸಿದ ಉಪ್ಪರಿಗೆಯ ಕೆಳಗೆ ಗುಮಾಸ್ತರು ಮಸಿಕುಡಿಕೆ ಇಟ್ಟುಕೊಂಡು ಬರೆದಿರಬೇಕು, ಹಳ್ಳಿಯಿಂದ ಬಂದವರು ಕಾಗದ ಹಿಡಿದು ಈ ಜಗುಲಿಯಲ್ಲೇ ಕಾದಿರಬೇಕು.

ಜಗುಲಿಯ ಮೇಲೆ ಕೂತೇ ಇದ್ದೆ. ಐದೂವರೆಗೆ ಕಾವಲಿನವನು ಬೀಗದ ಗೊಂಚಲು ಅಲ್ಲಾಡಿಸುತ್ತಾ ಬಂದ.

"ಟೈಮಾಯ್ತು ಸಾರ್, ನಾಳೆ ಬನ್ನಿ."