ಒಂದು ದಿನದ ಬಿಸಿನೀರು, ಒಂದು ತಿಂಗಳ ಓದುವ ದೀಪ

ವಿದ್ಯಾರ್ಥಿವೇತನದ ಅರ್ಜಿಯ ಜೊತೆ ವಿಳಾಸದ ದಾಖಲೆಯೆಂದು ವಿದ್ಯುತ್ ಬಿಲ್ಲಿನ ಪ್ರತಿ ಲಗತ್ತಿಸುವ ಕುಟುಂಬಗಳು ಹಲವು. ಆ ಬಿಲ್ಲಿನಲ್ಲಿ ತಿಂಗಳಿಗೆ ಎಷ್ಟು ಯೂನಿಟ್ ಬಳಕೆಯಾಯಿತು ಎಂದಿರುತ್ತದೆ. ಯಾವುದಕ್ಕೆ ಎಷ್ಟು ಹೋಯಿತು ಎಂದು ಇರುವುದಿಲ್ಲ. ಮಕ್ಕಳು ರಾತ್ರಿ ಹೊತ್ತು ಓದಲು ಕುಳಿತರೆ "ದೀಪ ಆರಿಸು, ಬಿಲ್ಲು ಜಾಸ್ತಿ ಬರುತ್ತದೆ" ಎನ್ನುವ ಹಿರಿಯರು ನಮ್ಮ ಮನೆಗಳಲ್ಲಿ ಈಗಲೂ ಇದ್ದಾರೆ. ಆದರೆ ಬಿಲ್ಲು ಏರಿಸುವುದು ಆ ದೀಪವಲ್ಲ.

ಒಂದು ಸಣ್ಣ ಲೆಕ್ಕ ನೋಡೋಣ. 20 ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿಯಿಂದ ಸ್ನಾನಕ್ಕೆ ಬೇಕಾದ 40 ಡಿಗ್ರಿಗೆ ಕಾಯಿಸಲು ಸುಮಾರು 0.35 ಯೂನಿಟ್ ವಿದ್ಯುತ್ ಬೇಕು. ಮನೆಯಲ್ಲಿ ಐದು ಮಂದಿ ಇದ್ದರೆ ದಿನಕ್ಕೆ 1.75 ಯೂನಿಟ್, ತಿಂಗಳಿಗೆ ಸುಮಾರು 52 ಯೂನಿಟ್. ಇನ್ನೊಂದು ಕಡೆ, 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ದಿನಕ್ಕೆ ಆರು ಗಂಟೆಯಂತೆ ತಿಂಗಳಿಡೀ ಉರಿಸಿದರೂ ಖರ್ಚಾಗುವುದು 1.6 ಯೂನಿಟ್ ಮಾತ್ರ. ಅಂದರೆ ಮನೆಯವರ ಒಂದು ದಿನದ ಸ್ನಾನಕ್ಕೆ ಹೋಗುವ ವಿದ್ಯುತ್ತಿನಲ್ಲಿ ಮಗು ಒಂದು ತಿಂಗಳು ಓದಬಹುದು.

ಆದ್ದರಿಂದ ಉಳಿತಾಯದ ಮಾತು ಬಚ್ಚಲಿನಿಂದಲೇ ಶುರುವಾಗಬೇಕು. ಈ ವಿಷಯದಲ್ಲಿ ನಮ್ಮ ಕರ್ನಾಟಕಕ್ಕೆ ಒಂದು ಒಳ್ಳೆಯ ಅನುಭವವಿದೆ. ಅದರಿಂದ ಕಲಿಯಬೇಕಾದದ್ದೂ ಇದೆ.

ಬಿಸಿಲಿನಿಂದ ಬಿಸಿನೀರು

ಸೋಲಾರ್ ವಾಟರ್ ಹೀಟರಿನ ಕೆಲಸ ಬಹಳ ಸರಳ. ಕಪ್ಪು ಬಳಿದ ಫಲಕ ಅಥವಾ ಗಾಜಿನ ಕೊಳವೆಗಳು ಬಿಸಿಲನ್ನು ಹೀರಿಕೊಂಡು ಒಳಗಿನ ನೀರನ್ನು ಕಾಯಿಸುತ್ತವೆ. ಬಿಸಿನೀರು ಹಗುರವಾಗಿ ತಾನಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಇದಕ್ಕೆ ಪಂಪು ಬೇಡ, ಕರೆಂಟೂ ಬೇಡ. ಟ್ಯಾಂಕಿಗೆ ಶಾಖ ಹೊರಹೋಗದಂತೆ ದಪ್ಪ ಹೊದಿಕೆ ಇರುವುದರಿಂದ ಹಗಲು ಕಾದ ನೀರು ಮರುದಿನ ಫಜ್ರ್ ನಮಾಝಿನ ಹೊತ್ತಿಗೂ ಬಿಸಿಯಾಗಿರುತ್ತದೆ. ದಿನಕ್ಕೆ 100 ಲೀಟರ್ ಕಾಯಿಸುವ ಉಪಕರಣ ಸಾಮಾನ್ಯ ಕುಟುಂಬಕ್ಕೆ ಸಾಕು. ಫಲಕ ದಕ್ಷಿಣಕ್ಕೆ ಮುಖ ಮಾಡಿರಬೇಕು, ಅದರ ಮೇಲೆ ಮರದ ಅಥವಾ ಪಕ್ಕದ ಕಟ್ಟಡದ ನೆರಳು ಬೀಳಬಾರದು.

ಮಿತಿಗಳೂ ಇವೆ. ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದ ಮೂರು ನಾಲ್ಕು ತಿಂಗಳು ಬಿಸಿಲು ನಂಬುವಂತಿಲ್ಲ, ಆಗ ಬೇರೆ ವ್ಯವಸ್ಥೆ ಬೇಕು. ಬೋರ್‌ವೆಲ್ಲಿನ ಗಡಸು ನೀರು ಕೊಳವೆಗಳಲ್ಲಿ ಬಿಳಿ ಪದರ ಕಟ್ಟುತ್ತದೆ. ಕೊಳ್ಳುವ ಮೊದಲೇ ನಿಮ್ಮ ಮನೆಯ ನೀರು ಎಂಥದ್ದೆಂದು ಅಂಗಡಿಯವರಿಗೆ ತಿಳಿಸಿ, ಅದಕ್ಕೆ ಹೊಂದುವ ಉಪಕರಣವನ್ನೇ ಕೇಳಬೇಕು.

ಮೂವರು ಕೈಜೋಡಿಸಿದಾಗ

ಬೆಂಗಳೂರಿನ ತಾರಸಿಗಳಲ್ಲಿ ಇಂದು ಕಾಣುವ ಸೋಲಾರ್ ಟ್ಯಾಂಕುಗಳು ಒಬ್ಬರಿಂದ ಬಂದದ್ದಲ್ಲ. ಮೊದಲನೆಯ ಕೈ ಕೈಗಾರಿಕೆಯದು. 1989ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಟಾಟಾ ಬಿಪಿ ಸೋಲಾರ್, ಆಮೇಲೆ ಬಂದ ಎಮ್ವಿಯಂಥ ಕಂಪನಿಗಳು ಇಲ್ಲಿಯೇ ತಯಾರಿಕೆ ನಡೆಸಿದವು. ಉಪಕರಣ ತಯಾರಾದಂತೆ ಅದನ್ನು ಕೂರಿಸುವ, ರಿಪೇರಿ ಮಾಡುವ ಕೆಲಸಗಾರರೂ ತಯಾರಾದರು. ಚಪ್ಪಟೆ ಫಲಕಗಳಿಗೆ ಐಎಸ್ 12933 ಎಂಬ ಭಾರತೀಯ ಮಾನಕ ಬಂದದ್ದರಿಂದ ಗ್ರಾಹಕರಿಗೆ ಐಎಸ್‌ಐ ಗುರುತು ನೋಡಿ ಕೊಳ್ಳಲು ಸಾಧ್ಯವಾಯಿತು.

ಎರಡನೆಯ ಕೈ ಸರ್ಕಾರದ್ದು. 2007ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ, ನಗರ ಪ್ರದೇಶಗಳಲ್ಲಿ 600 ಚದರ ಅಡಿ ಮತ್ತು ಅದಕ್ಕಿಂತ ಹೆಚ್ಚು ವಿಸ್ತೀರ್ಣದ ಮನೆಗಳಿಗೂ, ಆಸ್ಪತ್ರೆ, ಹೋಟೆಲುಗಳಿಗೂ ಸೋಲಾರ್ ವಾಟರ್ ಹೀಟರ್ ಕಡ್ಡಾಯವೆಂದು ಆದೇಶಿಸಿತು. 2010ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸೌರ ಮಿಷನ್ ಆರಂಭವಾದ ಮೇಲೆ ಶೇ. 30ರ ಸಹಾಯಧನ ಅಥವಾ ಶೇ. 5ರ ಬಡ್ಡಿಯ ಸಾಲ ಸಿಗುವಂತಾಯಿತು.

ಮೂರನೆಯದು ವಿದ್ಯುತ್ ಸರಬರಾಜು ಕಂಪನಿಗಳ ಕೈ. ಸೋಲಾರ್ ಹೀಟರ್ ಇರುವ ಮನೆಗೆ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ಕೊಡುವ ಪದ್ಧತಿ ಬಂತು. ವಿದ್ಯುತ್ ಮಾರುವವರು ಕಡಿಮೆ ಬಳಸಿ ಎಂದು ಹಣ ಕೊಡುವುದೇಕೆ? ಕಾರಣ ಬೆಳಗಿನ ಹೊತ್ತು. ಒಂದು ಗೀಸರ್ ಸಾಮಾನ್ಯವಾಗಿ 2 ಕಿಲೋವ್ಯಾಟ್ ಎಳೆಯುತ್ತದೆ. ಒಂದು ಲಕ್ಷ ಮನೆಗಳಲ್ಲಿ ಒಟ್ಟಿಗೆ ಗೀಸರ್ ಹಾಕಿದರೆ 200 ಮೆಗಾವ್ಯಾಟ್ ಬೇಡಿಕೆ ಒಮ್ಮೆಲೇ ಏಳುತ್ತದೆ. ಆ ಎರಡು ಗಂಟೆಗಾಗಿ ದುಬಾರಿ ವಿದ್ಯುತ್ ಖರೀದಿಸುವುದಕ್ಕಿಂತ ರಿಯಾಯಿತಿ ಕೊಡುವುದು ಅಗ್ಗ.

ಹೀಗೆ ತಯಾರಕರಿಗೆ ಮಾರುಕಟ್ಟೆ, ಸರ್ಕಾರಕ್ಕೆ ವಿದ್ಯುತ್ ಉಳಿತಾಯ, ಗ್ರಾಹಕರಿಗೆ ಬಿಸಿನೀರು ದೊರೆಯಿತು. ಈ ಸಹಕಾರದಿಂದಲೇ ಕರ್ನಾಟಕ ದೇಶದಲ್ಲಿ ಮುಂದೆ ನಿಂತಿತು.

ಯಾರು ಹೊರಗುಳಿದರು?

2014ರ ಅಕ್ಟೋಬರಿನಿಂದ ಕೇಂದ್ರದ ಸಹಾಯಧನ ನಿಂತಿತು. ಅಲ್ಲಿಗೆ ಮೊದಲ ಖರ್ಚಿನ ಭಾರವೆಲ್ಲ ಮತ್ತೆ ಮನೆಯವರ ಮೇಲೆಯೇ ಬಿತ್ತು. ಸ್ವಂತ ಮನೆ, ಸ್ವಂತ ತಾರಸಿ, ಕೈಯಲ್ಲಿ ಹಣ ಇದ್ದವರಿಗೆ ತೊಂದರೆಯಾಗಲಿಲ್ಲ. 600 ಚದರ ಅಡಿಗಿಂತ ಚಿಕ್ಕ ಮನೆಯವರನ್ನು ಆದೇಶ ಮುಟ್ಟಲೇ ಇಲ್ಲ. ಬಾಡಿಗೆ ಮನೆಯವರಿಗೆ ತಾರಸಿಯ ಮೇಲೆ ಹಕ್ಕಿಲ್ಲ. ಅವರಲ್ಲಿ ಹಲವರು ಇಂದಿಗೂ ಬಕೆಟಿಗೆ ಇಳಿಬಿಡುವ ಕಾಯಿಲ್ ಅಥವಾ ಬಚ್ಚಲೊಲೆಯನ್ನೇ ನಂಬಿದ್ದಾರೆ. ಕಾಯಿಲಿನಿಂದ ಶಾಕ್ ಹೊಡೆಯುವ ಭಯ, ಒಲೆಯಿಂದ ಹೊಗೆ. ಹಂಡೆಯ ಕೆಳಗೆ ಮಡಲು, ಕರಟ ತುರುಕಿ ಊದುವ ತಾಯಂದಿರ ಕಣ್ಣು, ಶ್ವಾಸಕೋಶಗಳು ತೆರುವ ಬೆಲೆ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ನಮ್ಮ ಸಮುದಾಯಕ್ಕೆ ಇನ್ನೊಂದು ತೊಡಕಿತ್ತು. ಸರ್ಕಾರ ಕೊಟ್ಟದ್ದು ಕಡಿಮೆ ಬಡ್ಡಿಯ ಸಾಲವೇ ಆದರೂ ಬಡ್ಡಿ ಬಡ್ಡಿಯೇ. ಬಡ್ಡಿಯಿಂದ ದೂರ ಇರಬೇಕೆನ್ನುವ ಕುಟುಂಬಗಳು ಆ ಅನುಕೂಲವನ್ನು ಬಿಟ್ಟುಕೊಟ್ಟವು. ಮೂರು ಕೈಗಳೂ ತಲುಪದ ಈ ಜಾಗಕ್ಕೆ ಬೇಕಾದ ನಾಲ್ಕನೆಯ ಕೈ ಸಮುದಾಯದ್ದು.

ದಾನಿಗಳು ಯೋಚಿಸಬೇಕಾದದ್ದು

ಬಡ್ಡಿಯಿಲ್ಲದ ಸಾಲ, ಅಂದರೆ ಕರ್ಝ್ ಹಸನ್, ಇಲ್ಲಿ ಸರಿಯಾಗಿ ಹೊಂದುತ್ತದೆ. ಯೂನಿಟ್‌ಗೆ 6 ರೂಪಾಯಿ ಎಂದಿಟ್ಟುಕೊಂಡರೆ ಮೇಲೆ ಹೇಳಿದ 52 ಯೂನಿಟ್‌ಗೆ ತಿಂಗಳಿಗೆ 312 ರೂಪಾಯಿ. ಉಪಕರಣಕ್ಕೆ 18,000 ರೂಪಾಯಿ ಆಯಿತೆಂದುಕೊಳ್ಳಿ. ವರ್ಷವಿಡೀ ಬಿಸಿಲು ಸಿಗುವ ಊರಿನಲ್ಲಿ ತಿಂಗಳಿಗೆ 300 ರೂಪಾಯಿಯಂತೆ ಐದು ವರ್ಷದಲ್ಲಿ ಸಾಲ ತೀರುತ್ತದೆ, ಕುಟುಂಬಕ್ಕೆ ಹೊಸ ಹೊರೆಯಾಗುವುದಿಲ್ಲ. ಮಳೆ ಹೆಚ್ಚಿರುವಲ್ಲಿ ಇನ್ನೊಂದೆರಡು ವರ್ಷ ಹಿಡಿಯಬಹುದು. ಚೆನ್ನಾಗಿ ನೋಡಿಕೊಂಡರೆ ಉಪಕರಣ ಹದಿನೈದು ವರ್ಷ ಬಾಳುತ್ತದೆ. ಮರಳಿ ಬಂದ ಹಣ ಇನ್ನೊಂದು ಮನೆಗೆ ಹೋಗುತ್ತದೆ.

ಆದರೆ ಎಲ್ಲ ಮನೆಗಳಿಗೂ ಈ ಲೆಕ್ಕ ಅನ್ವಯಿಸುವುದಿಲ್ಲ. 2023ರಲ್ಲಿ ಬಂದ ಗೃಹಜ್ಯೋತಿಯಿಂದ ಬಿಲ್ಲು ಶೂನ್ಯವಾಗಿರುವ ಮನೆಗೆ ಸೋಲಾರಿನಿಂದ ಹಣ ಉಳಿಯುವುದಿಲ್ಲ. ಅಂಥವರು ಸಾಲ ಮಾಡುವುದು ಬೇಡ. ಮೊದಲು ತಲುಪಬೇಕಾದದ್ದು 200 ಯೂನಿಟ್ ದಾಟಿ ಇಡೀ ಬಿಲ್ಲು ಕಟ್ಟುವ ದೊಡ್ಡ ಕುಟುಂಬಗಳನ್ನು, ಹೊಗೆಯಲ್ಲೇ ನೀರು ಕಾಯಿಸುವ ಮನೆಗಳನ್ನು ಮತ್ತು ಆ ಯೋಜನೆಗೆ ಸೇರದ ಹಾಸ್ಟೆಲುಗಳನ್ನು. ಹಾಸ್ಟೆಲಿನಲ್ಲಿ ಮಳೆಗಾಲಕ್ಕೆ ಹೀಟ್ ಪಂಪ್ ಕೂಡ ಪರಿಗಣಿಸಬಹುದು. ಅದು ಫ್ರಿಡ್ಜಿನ ಕೆಲಸವನ್ನು ತಿರುಗುಮುರುಗು ಮಾಡಿ ಗಾಳಿಯ ಶಾಖವನ್ನು ನೀರಿಗೆ ತುಂಬುತ್ತದೆ. ಗೀಸರಿಗೆ ಬೇಕಾಗುವ ವಿದ್ಯುತ್ತಿನ ಸುಮಾರು ಮೂರನೇ ಒಂದು ಭಾಗ ಸಾಕು.

ಝಕಾತ್ ಹಣವನ್ನು ಇದಕ್ಕೆ ಬಳಸಬಹುದೇ ಎಂಬ ಪ್ರಶ್ನೆ ಸಹಜ. ಝಕಾತಿಗೆ ಹಕ್ಕುದಾರರು ನಿಶ್ಚಿತರಾಗಿದ್ದಾರೆ, ಈ ಬಗ್ಗೆ ನಿಮ್ಮ ಉಲಮಾಗಳನ್ನು ಕೇಳಿಯೇ ಮುಂದುವರಿಯಿರಿ. ಮಸೀದಿಯ ವುಝೂ ಜಾಗಕ್ಕೋ ಹಾಸ್ಟೆಲಿಗೋ ಹೀಟರ್ ಕೊಡುವವರಿಗೆ ಸದಖಾದ ದಾರಿ ತೆರೆದಿದೆ. ಚಳಿಗಾಲದ ಮುಂಜಾವಿನಲ್ಲಿ ವೃದ್ಧರೊಬ್ಬರು ಬೆಚ್ಚಗಿನ ನೀರಿನಲ್ಲಿ ವುಝೂ ಮಾಡುವಷ್ಟು ಕಾಲ ನಡೆಯುವ ಸದಖಾ ಜಾರಿಯಾ ಅದು.

ಕುಟುಂಬಗಳು ಇಂದೇ ಮಾಡಬಹುದಾದದ್ದು

ಖರ್ಚಿಲ್ಲದ ಕೆಲಸಗಳಿಂದ ಶುರು ಮಾಡಿ. ಗೀಸರನ್ನು 50 ಡಿಗ್ರಿಯ ಆಸುಪಾಸಿಗೆ ಇಟ್ಟು, ಸ್ನಾನಕ್ಕೆ ಸ್ವಲ್ಪ ಮೊದಲು ಮಾತ್ರ ಹಾಕಿ. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿದರೆ ಕಾದ ನೀರು ಸುಮ್ಮನೆ ಆರುವುದಿಲ್ಲ. ಹೊಸ ಗೀಸರ್ ಕೊಳ್ಳುವಾಗ ಬಿಇಇ ನಕ್ಷತ್ರ ನೋಡಿ. ನಕ್ಷತ್ರ ಹೆಚ್ಚಿದ್ದಷ್ಟೂ ಟ್ಯಾಂಕಿನಿಂದ ಸೋರಿಹೋಗುವ ಶಾಖ ಕಡಿಮೆ. ಕಾಯಿಲ್ ಬಳಸುವವರು ಸ್ವಿಚ್ ಆರಿಸಿ, ಪ್ಲಗ್ ತೆಗೆದ ಮೇಲೆಯೇ ನೀರು ಮುಟ್ಟಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು. ಸೋಲಾರ್ ಹೀಟರ್ ಈಗಾಗಲೇ ಇರುವವರು ಬಿಲ್ಲಿನಲ್ಲಿ ರಿಯಾಯಿತಿ ನಮೂದಾಗಿದೆಯೇ ನೋಡಿ, ಇಲ್ಲವಾದರೆ ನಿಮ್ಮ ವಿದ್ಯುತ್ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಿ.

ಪೋಷಕರಿಗೆ ಕೊನೆಯ ಒಂದು ಮಾತು. ಪ್ರತಿಯೊಂದು ಹೀಟರನ್ನೂ ಯಾರೋ ಕೂರಿಸಬೇಕು, ಯಾರೋ ರಿಪೇರಿ ಮಾಡಬೇಕು. ವಿದ್ಯಾರ್ಥಿವೇತನ ಎಂದರೆ ವೈದ್ಯಕೀಯ, ಎಂಜಿನಿಯರಿಂಗ್ ಮಾತ್ರವೆಂದು ತಿಳಿಯಬೇಡಿ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್, ಪ್ಲಂಬರ್ ಕಲಿಯುವ ಮಗನೂ ಡಿಪ್ಲೊಮಾ ಓದುವ ಮಗಳೂ ಸಂಕೋಚವಿಲ್ಲದೆ ಅರ್ಜಿ ಹಾಕಲಿ.

ದುಂದು ಮಾಡಬಾರದು, ವುಝೂವಿನ ನೀರಿನಲ್ಲೂ ಮಾಡಬಾರದು ಎಂಬುದು ನಮಗೆ ಚಿಕ್ಕಂದಿನಿಂದ ಕಲಿಸಿದ ಪಾಠ. ನೀರಿಗೆ ಸಲ್ಲುವ ಆ ಮಾತು ನೀರು ಕಾಯಿಸುವ ಬೆಂಕಿಗೂ ಸಲ್ಲುತ್ತದೆ. ಉಳಿದ ಪ್ರತಿ ರೂಪಾಯಿಯೂ ಮಕ್ಕಳ ಓದಿಗೆ ಒದಗಲಿ, ದಾನಿಗಳ ಕೊಡುಗೆಯನ್ನು ಅಲ್ಲಾಹನು ಸ್ವೀಕರಿಸಲಿ. ಆಮೀನ್.