ಮನೆಗೆ ನೆಟ್‌ವರ್ಕ್ ಕೇಬಲ್ ಎಳೆಸೋ ಮುಂಚೆ ಇಷ್ಟು ತಿಳ್ಕೊಳ್ಳಿ

ನಾರ್ತ್ ಲೇಕ್ಸ್ ಕಡೆ ಮನೆ ನೋಡೋಕೆ ಹೋಗುವ ನಮ್ಮ ಜನ ಬಾಗಿಲು ಪೂರ್ವಕ್ಕಿದೆಯಾ ಅಂತ ನೋಡ್ತಾರೆ. ಒಗ್ಗರಣೆ ಹಾಕಿದರೆ ಹೊಗೆ ಹೊರಗೆ ಹೋಗುತ್ತಾ, ಸ್ಕೂಲ್ ಎಷ್ಟು ದೂರ, ಮ್ಯಾಂಗೋ ಹಿಲ್ ಸ್ಟೇಷನ್‌ಗೆ ನಡೆದು ಹೋಗಬಹುದಾ ಅಂತ ವಿಚಾರಿಸ್ತಾರೆ. ಎನ್‌ಬಿಎನ್ ಪೆಟ್ಟಿಗೆ ಎಲ್ಲಿದೆ, ಅಲ್ಲಿಂದ ಕೋಣೆಗಳಿಗೆ ಕೇಬಲ್ ಹೋಗಿದೆಯಾ ಅಂತ ಕೇಳುವವರು ಮಾತ್ರ ಕಡಿಮೆ. ಗೃಹಪ್ರವೇಶ ಮುಗಿದು, ಹಾಲು ಉಕ್ಕಿ, ನೆಂಟರು ಹೋದ ಮೇಲೆ ಗೊತ್ತಾಗುತ್ತೆ: ಪೆಟ್ಟಿಗೆ ಗ್ಯಾರೇಜಿನಲ್ಲಿದೆ, ಕೆಲಸ ಮಾಡುವ ಮೇಜು ಮನೆಯ ಇನ್ನೊಂದು ತುದಿಯಲ್ಲಿದೆ.

ನಾರ್ತ್ ಲೇಕ್ಸ್ ಹಳೇ ಊರಲ್ಲ. 1999ರ ಸುಮಾರಿಗೆ ನಕ್ಷೆ ಹಾಕಿ ಕಟ್ಟಲು ಶುರು ಮಾಡಿದ ಬಡಾವಣೆ. ಆದ್ದರಿಂದ ಇಲ್ಲಿನ ಎಷ್ಟೋ ಮನೆಗಳು ಎನ್‌ಬಿಎನ್ ಬರುವುದಕ್ಕೂ ಮುಂಚಿನವು. ಆಗ ಮನೆಗೆ ಒಂದು ಫೋನ್ ಪಾಯಿಂಟ್, ಎರಡು ಟಿವಿ ಪಾಯಿಂಟ್ ಇದ್ದರೆ ಸಾಕಿತ್ತು. ಈಗ ಅದೇ ಮನೆಯಲ್ಲಿ ಒಬ್ಬರು ಮನೆಯಿಂದಲೇ ಆಫೀಸ್ ಕೆಲಸ ಮಾಡ್ತಾರೆ, ಮಗ ಆನ್‌ಲೈನ್ ಪರೀಕ್ಷೆ ಬರೀತಾನೆ, ಅಜ್ಜಿ ದಾವಣಗೆರೆಯ ತಂಗಿ ಜೊತೆ ವಿಡಿಯೋ ಕಾಲ್‌ನಲ್ಲಿ ಇರ್ತಾರೆ. ನಮ್ಮ ಮನೆಯ ಕಥೆಯೂ ಇದೇ ಆಗಿತ್ತು. ಕಾಲ್ ಮಧ್ಯೆ ಮುಖ ಹೆಪ್ಪುಗಟ್ಟಿ ನಿಲ್ಲುವುದು, "ಹಲೋ, ಕೇಳಿಸ್ತಿದೆಯಾ?" ಅನ್ನುವುದು ದಿನದ ಮಾತಾಗಿತ್ತು. ಕೊನೆಗೆ ನಾವು ಕೇಬಲ್ ಹಾಕಿಸಿದ್ವಿ. ಆಗ ಕಲಿತದ್ದನ್ನು ಲೆಕ್ಕದ ಪುಸ್ತಕ ಬರೆಯುವವರ ಅಭ್ಯಾಸದಂತೆ ಒಂದೊಂದಾಗಿ ಇಲ್ಲಿ ಇಡ್ತಾ ಇದೀವಿ.

ವೈಫೈ ಯಾಕೆ ಸಾಕಾಗಲ್ಲ?

ವೈಫೈ ಮೇಲೆ ನಮಗೇನೂ ಕೋಪ ಇಲ್ಲ. ಅದರ ಹಿಂದೆ ಇದೇ ದೇಶದ ಸಿಎಸ್‌ಐಆರ್‌ಓ ವಿಜ್ಞಾನಿಗಳ 1990ರ ದಶಕದ ಕೆಲಸವೂ ಇದೆ. ಆದರೆ ಗಾಳಿಯಲ್ಲಿ ಒಂದು ಸಮಯಕ್ಕೆ ಒಂದು ಚಾನೆಲ್‌ನಲ್ಲಿ ಒಬ್ಬರೇ ಮಾತಾಡಬೇಕು. ಮಿಕ್ಕವರು ಸರದಿ ಕಾಯಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಪಕ್ಕದ ಮನೆಯ ರೂಟರ್ ಕೂಡ ಅದರಲ್ಲೇ ಪಾಲು ಕೇಳುತ್ತೆ, ಅಡುಗೆಮನೆಯ ಮೈಕ್ರೋವೇವ್ ಕೂಡ ಅಲ್ಲೇ ಗಲಾಟೆ ಮಾಡುತ್ತೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಎರಡು ಮೂರು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತೆ.

ಝೂಮ್, ಟೀಮ್ಸ್ ಕಾಲ್‌ಗೆ ಬೇಕಾಗುವ ವೇಗ ಬಹಳ ಏನಿಲ್ಲ, 3-4 ಎಂಬಿಪಿಎಸ್ ಸಾಕು. ಅದು ಕೆಡುವುದು ವೇಗ ಸಾಲದೆ ಅಲ್ಲ, ಮಧ್ಯೆ ಮಧ್ಯೆ ತಡವಾಗುವುದರಿಂದ. ಆದ್ದರಿಂದ ಕಾಲ್ ಕಟ್ ಆಗುತ್ತೆ ಅಂತ ದುಬಾರಿ ಪ್ಲಾನ್‌ಗೆ ಹೋದರೆ ಬಿಲ್ ಏರುತ್ತೆ, ಕಾಲ್ ಮಾತ್ರ ಹಾಗೇ ಕಟ್ ಆಗ್ತಾ ಇರುತ್ತೆ. ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್ ತಗೊಂಡು ಹೋಗಿ ರೂಟರ್‌ಗೆ ನೇರವಾಗಿ ಕೇಬಲ್ ಹಾಕಿ ನೋಡಿ. ಅಲ್ಲಿ ಚೆನ್ನಾಗಿದ್ದು ಕೋಣೆಯಲ್ಲಿ ಕೆಟ್ಟಿದ್ದರೆ ತೊಂದರೆ ಮನೆಯೊಳಗಿನದು. ರೂಟರ್ ಹತ್ತಿರವೂ ಕೆಟ್ಟಿದ್ದರೆ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ.

ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 14ರಿಂದ ಎನ್‌ಬಿಎನ್ ತನ್ನ ವೇಗಗಳನ್ನು ಹೆಚ್ಚಿಸಿತು. ಮನೆ ತನಕ ಫೈಬರ್ ಅಥವಾ ಎಚ್‌ಎಫ್‌ಸಿ ಇರುವವರಿಗೆ 100 ಎಂಬಿಪಿಎಸ್ ಇದ್ದ ಪ್ಲಾನ್ 500 ಆಯ್ತು. ಗೇಟಿನ ತನಕ ಕಾವೇರಿ ನೀರು ಬಂದರೂ ಒಳಗಿನ ಪೈಪ್ ಸಣ್ಣದಿದ್ದರೆ ನಲ್ಲಿಯಲ್ಲಿ ಬರೋದು ಅಷ್ಟೇ ಅಲ್ವಾ?

ಯಾವ ಕೇಬಲ್, ಎಷ್ಟು ಪಾಯಿಂಟ್?

ಈ ಕೇಬಲ್ ಒಳಗೆ ಎಂಟು ತಾಮ್ರದ ಎಳೆಗಳು, ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿ. ಕ್ಯಾಟ್ 5ಇ ಆದರೆ 100 ಮೀಟರ್ ತನಕ 1 ಗಿಗಾಬಿಟ್ ಆರಾಮಾಗಿ ಹೋಗುತ್ತೆ. ಕ್ಯಾಟ್ 6ರಲ್ಲಿ 10 ಗಿಗಾಬಿಟ್ ಸುಮಾರು 55 ಮೀಟರ್ ತನಕ ಹೋಗುತ್ತೆ. ಕ್ಯಾಟ್ 6ಎ ಆದರೆ ಪೂರ್ತಿ 100 ಮೀಟರ್. ನಮ್ಮಂಥವರ ಮನೆಯಲ್ಲಿ 30 ಮೀಟರ್ ದಾಟುವ ಓಟ ಅಪರೂಪ. ಹಾಗಾಗಿ ಕ್ಯಾಟ್ 6 ಸಾಕು. ಇದಕ್ಕಿಂತ ಮೇಲಿನದ್ದೇ ಬೇಕು ಅಂತ ಯಾರಾದರೂ ಒತ್ತಾಯ ಮಾಡಿದರೆ ಕಾರಣ ಕೇಳಿ. ಆದರೆ ಒಂದು ವಿಷಯದಲ್ಲಿ ಚೌಕಾಶಿ ಬೇಡ: ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಹಾಕಿದ ಅಗ್ಗದ ಕೇಬಲ್ ಗೋಡೆಯೊಳಗೆ ಬೇಡವೇ ಬೇಡ. ಪೂರ್ತಿ ತಾಮ್ರದ್ದೇ ಅಂತ ಕೊಟೇಶನ್‌ನಲ್ಲೇ ಬರೆಸ್ಕೊಳ್ಳಿ.

ಎಲ್ಲ ಕೋಣೆಗೂ ಪಾಯಿಂಟ್ ಬೇಕಿಲ್ಲ. ಮೇಜಿನ ಮುಂದೆ ಕೂತು ದುಡಿಯುವ ಜಾಗ, ಟಿವಿ ಹಿಂದೆ, ಮಕ್ಕಳು ಓದುವ ಜಾಗ, ಜೊತೆಗೆ ಮನೆಯ ನಡುವೆ ಸೀಲಿಂಗ್‌ನಲ್ಲಿ ವೈಫೈ ಪೆಟ್ಟಿಗೆಗೆ ಒಂದು. ಈ ನಾಲ್ಕು ಮುಖ್ಯ. ಕೊನೆಯದನ್ನು ಮರೀಬೇಡಿ, ಫೋನ್‌ಗಳಿಗೆ ವೈಫೈ ಬೇಕೇ ಬೇಕು. ಅದಕ್ಕೆ ಬೇರೆ ಪವರ್ ಪಾಯಿಂಟ್ ಕೂಡ ಬೇಡ, ಇದೇ ಕೇಬಲ್‌ನಲ್ಲಿ ಕರೆಂಟ್ ಕಳಿಸುವ ವ್ಯವಸ್ಥೆ 2003ರಿಂದಲೇ ಇದೆ. ಮೇಜಿನ ಹತ್ತಿರ ಮತ್ತು ಟಿವಿ ಹಿಂದೆ ಒಂದರ ಬದಲು ಎರಡು ಎಳೆಸಿ. ಖರ್ಚು ಇರುವುದು ಹೆಚ್ಚಾಗಿ ಆಳಿನ ಸಮಯಕ್ಕೆ. ಒಂದು ಸಲ ಮೇಲೆ ಹತ್ತಿದ ಮೇಲೆ ಇನ್ನೊಂದು ಎಳೆ ಜೊತೆಗೆ ಬಂದರೆ ಭಾರ ಆಗಲ್ಲ.

ಹೊಸದಾಗಿ ಮನೆ ಕಟ್ಟಿಸುವವರು ಅದೃಷ್ಟವಂತರು. ಮರದ ಚೌಕಟ್ಟು ನಿಂತು, ಪ್ಲಾಸ್ಟರ್ ಬೋರ್ಡ್ ಹೊಡೆಯುವ ಮುಂಚೆ ಎಳೆಸಿದರೆ ಸಲೀಸು. ಆ ದಿನ ಒಂದೊಂದು ಗೋಡೆಯ ಫೋಟೋ ತೆಗೆದಿಡಿ. ನಾಳೆ ದೇವರ ಫೋಟೋಗೆ ಮೊಳೆ ಹೊಡೆಯುವಾಗ ಉಪಯೋಗಕ್ಕೆ ಬರುತ್ತೆ. ಪರ್ತ್‌ನ ಬಂಧುಗಳಿಗೆ ಒಂದು ಮಾತು: ನಿಮ್ಮಲ್ಲಿ ಒಳಗೋಡೆಯೂ ಇಟ್ಟಿಗೆಯದ್ದೇ ಆಗಿರೋದು ಹೆಚ್ಚು. ಕಟ್ಟಿದ ಮೇಲೆ ಕೇಬಲ್ ಇಳಿಸುವುದು ಕಷ್ಟ, ಗೋಡೆ ಕೊರೆಯಬೇಕು ಇಲ್ಲವೇ ಮೇಲಿಂದ ಪಟ್ಟಿ ಹಾಕಬೇಕು. ಕಟ್ಟುವಾಗಲೇ ಯೋಚಿಸಿ. ಅಡಿಲೇಡ್‌ನ ಹಳೇ ಕಲ್ಲಿನ ಮನೆಗಳಿಗೂ ಇದೇ ಮಾತು. ಬ್ರಿಸ್ಬೇನ್‌ನ ಕಂಬದ ಮೇಲಿನ ಹಳೇ ಮರದ ಮನೆಗಳಲ್ಲಿ ನೆಲದ ಕೆಳಗಿಂದ ದಾರಿ ಸಿಗುತ್ತೆ.

ಯಾರು ಎಳೆಯಬಹುದು?

ಈ ಲೇಖನ ಬರೆಯೋಕೆ ಮುಖ್ಯ ಕಾರಣ ಇದು. ನಾವು ಕೇಬಲ್ ಹಾಕಿಸ್ತೀವಿ ಅಂತ ಗೊತ್ತಾದಾಗ ನಮ್ಮ ಪರಿಚಯದ ಹುಡುಗನೊಬ್ಬ ಬಂದ. ಬೆಂಗಳೂರಲ್ಲಿ ನೆಟ್‌ವರ್ಕ್ ಕೆಲಸ ಮಾಡಿ ಬಂದವನು, ಇಲ್ಲಿ ಓದ್ತಾ ಇದಾನೆ. "ಅಣ್ಣಾ, ಹೊರಗಿನವರಿಗೆ ಯಾಕೆ ಅಷ್ಟು ಕೊಡ್ತೀರಾ? ಶನಿವಾರ ಬಂದು ನಾನೇ ಎಳೆದುಕೊಡ್ತೀನಿ, ನಿಮಗೆ ತೋಚಿದ್ದು ಕೊಡಿ" ಅಂದ. ಅವನ ಕೈಗೆ ಕೆಲಸ ಬೇಕಿತ್ತು, ನಮಗೆ ದುಡ್ಡು ಉಳೀತಿತ್ತು. ಆದರೂ ನಾವು "ಬೇಡಪ್ಪಾ" ಅಂದ್ವಿ. ಎರಡು ಕಾರಣ.

ಒಂದು, ಕಾನೂನು. ಈ ದೇಶದಲ್ಲಿ ಟೆಲಿಫೋನ್, ಎನ್‌ಬಿಎನ್ ಜಾಲಕ್ಕೆ ಸೇರುವ ಕೇಬಲನ್ನು ಗೋಡೆಯಲ್ಲೋ ಸೀಲಿಂಗ್‌ನಲ್ಲೋ ಶಾಶ್ವತವಾಗಿ ಕೂರಿಸಬೇಕಾದರೆ ನೋಂದಣಿ ಇರುವ ಕೇಬಲರ್ ಆಗಿರಬೇಕು, ಇಲ್ಲವೇ ಅಂಥವರ ನೇರ ಉಸ್ತುವಾರಿಯಲ್ಲಿ ಮಾಡಬೇಕು. ಮನೆ ನಮ್ಮದೇ ಆದರೂ ಈ ನಿಯಮ ಬಿಡಲ್ಲ. ಇದನ್ನು ನೋಡಿಕೊಳ್ಳುವುದು ಎಸಿಎಂಎ ಅನ್ನುವ ಕೇಂದ್ರ ಸಂಸ್ಥೆ. ತಪ್ಪಿದರೆ ದಂಡ ಇದೆ. ನಿಯಮಕ್ಕೆ ಅರ್ಥವೂ ಇದೆ: ಕರೆಂಟ್ ತಂತಿಗೂ ಡೇಟಾ ಕೇಬಲ್‌ಗೂ ನಡುವೆ ಅಂತರವೋ ಗಟ್ಟಿ ತಡೆಯೋ ಇರಬೇಕು. ಇಲ್ಲದಿದ್ದರೆ 230 ವೋಲ್ಟ್ ದಾರಿ ತಪ್ಪಿ ಮಗುವಿನ ಲ್ಯಾಪ್‌ಟಾಪ್ ತನಕ ಬರಬಹುದು. ಅಂಗಡಿಯಲ್ಲಿ ಸಿಗುವ ರೆಡಿ ಪ್ಯಾಚ್ ಕೇಬಲ್ ಸಿಕ್ಕಿಸುವುದಕ್ಕೆ, ರೂಟರ್, ಸ್ವಿಚ್ ಜೋಡಿಸುವುದಕ್ಕೆ ಯಾವ ನೋಂದಣಿಯೂ ಬೇಡ.

ಎರಡು, ಪ್ರಾಣ. ಸೀಲಿಂಗ್ ಮೇಲಿನ ಜಾಗವನ್ನು ನಮ್ಮೂರ ಅಟ್ಟದ ಹಾಗೆ ಅಂದ್ಕೋಬೇಡಿ. 2009ರಲ್ಲಿ ಕೇಂದ್ರ ಸರ್ಕಾರ ಮನೆಗಳಿಗೆ ಇನ್ಸುಲೇಶನ್ ಹಾಕಿಸುವ ಯೋಜನೆ ತಂತು. ಕೆಲಸ ಗೊತ್ತಿಲ್ಲದ ಹುಡುಗರನ್ನು ಸರಿಯಾದ ತರಬೇತಿ ಇಲ್ಲದೆ ಮೇಲೆ ಹತ್ತಿಸಿದರು. 2009ರ ಅಕ್ಟೋಬರ್‌ನಿಂದ 2010ರ ಫೆಬ್ರವರಿ ಒಳಗೆ ನಾಲ್ಕು ಜನ ಸತ್ತರು. ಮೂವರು ನಮ್ಮ ಕ್ವೀನ್ಸ್‌ಲ್ಯಾಂಡ್‌ನಲ್ಲೇ, ಕರೆಂಟ್ ಹೊಡೆದು. ಒಬ್ಬ ನ್ಯೂ ಸೌತ್ ವೇಲ್ಸ್‌ನಲ್ಲಿ, ಸೂರಿನೊಳಗಿನ ಸೆಖೆಗೆ. ಎಲ್ಲರೂ 16ರಿಂದ 25 ವರ್ಷದವರು. ಇದರ ವಿಚಾರಣೆಗೆ ರಾಯಲ್ ಕಮಿಷನ್ ಕೂತು 2014ರಲ್ಲಿ ವರದಿ ಕೊಟ್ಟಿತು. ಅವರು ಮಾಡುತ್ತಿದ್ದುದು ವೈರಿಂಗ್ ಕೆಲಸ ಅಲ್ಲ, ಬರೀ ಹಾಸುವ ಕೆಲಸ. ಆಮೇಲಿಂದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಹೇಳುತ್ತಾ ಬಂದಿರುವುದು ಒಂದೇ ಮಾತು: ಸೀಲಿಂಗ್ ಮೇಲೆ ಹೋಗುವ ಮುಂಚೆ ಸ್ವಿಚ್‌ಬೋರ್ಡ್‌ನಲ್ಲಿ ಎಲ್ಲ ಕರೆಂಟ್ ಆಫ್ ಮಾಡಿ. ನೆನಪಿರಲಿ, ಮೇಲೆ ಸೋಲಾರ್ ಇದ್ದರೆ ಅದರ ತಂತಿಯಲ್ಲಿ ಬಿಸಿಲಿರುವ ತನಕ ಕರೆಂಟ್ ಇದ್ದೇ ಇರುತ್ತೆ.

ಆ ಹುಡುಗನನ್ನು ನಾವು ಬರಿಗೈಯಲ್ಲಿ ಕಳಿಸಲಿಲ್ಲ. ಯಾವ ಕೋಣೆಗೆ ಎಷ್ಟು ಪಾಯಿಂಟ್ ಅಂತ ನಕ್ಷೆ ಮಾಡಿಕೊಟ್ಟವನು ಅವನೇ. ಕೇಬಲ್ ಕೆಲಸ ಮುಗಿದ ಮೇಲೆ ರೂಟರ್, ಸ್ವಿಚ್, ವೈಫೈ ಎಲ್ಲ ಜೋಡಿಸಿ, ಪಾಸ್‌ವರ್ಡ್ ಇಟ್ಟುಕೊಟ್ಟ. ಅವನ ವಿದ್ಯೆಗೆ ತಕ್ಕ ಕೆಲಸ ಅದು, ಕಾನೂನಿಗೂ ಸರಿ, ಕೂಲಿಯೂ ಸಂದಿತು.

ಇಂಥ ಹುಡುಗರು ನಮ್ಮಲ್ಲಿ ಬಹಳ ಜನ ಇದಾರೆ. ಅವರಿಗೆ ಮೂರು ಮಾತು. ಕೇಬಲ್ ಕೆಲಸವನ್ನೇ ವೃತ್ತಿ ಮಾಡ್ಕೋಬೇಕು ಅಂದ್ರೆ ದಾರಿ ಇದೆ: ಇಲ್ಲಿನ ತರಬೇತಿ, ಉಸ್ತುವಾರಿಯಲ್ಲಿ ಅನುಭವ, ಆಮೇಲೆ ಎಸಿಎಂಎ ಮಾನ್ಯತೆ ಇರುವ ಸಂಸ್ಥೆಯಲ್ಲಿ ನೋಂದಣಿ. ಊರಿನ ಸರ್ಟಿಫಿಕೇಟ್ ಒಂದೇ ಸಾಲದು. ಎರಡನೆಯದು, ಯಾರಾದರೂ "ಎಬಿಎನ್ ತಗೊಂಡು ಬಾ, ಕ್ಯಾಶ್ ಕೊಡ್ತೀನಿ" ಅಂತ ಕರೆದರೆ ಯೋಚಿಸಿ. ಅವರು ಹೇಳಿದ ಹೊತ್ತಿಗೆ, ಹೇಳಿದ ಹಾಗೆ, ಅವರ ಸಾಮಾನಲ್ಲೇ ಕೆಲಸ ಮಾಡ್ತಿದ್ದರೆ ನೀವು ನೌಕರರೇ ಆಗಿರಬಹುದು. ನೌಕರರಾದರೆ ಪೇಸ್ಲಿಪ್, ಸೂಪರ್, ಗಾಯವಾದರೆ ಪರಿಹಾರ ಎಲ್ಲ ನಿಮ್ಮ ಹಕ್ಕು. ಮೂರನೆಯದು, ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವಾಗ ಎರಡು ವಾರಕ್ಕೆ 48 ಗಂಟೆಯ ಮಿತಿ ಇದೆ. ಕ್ಯಾಶ್ ಕೆಲಸವೂ ಆ ಲೆಕ್ಕಕ್ಕೆ ಸೇರುತ್ತೆ.

ಕೊಟೇಶನ್ ಓದುವ ಬಗೆ

ಕನಿಷ್ಠ ಎರಡು ಮೂರು ಕೊಟೇಶನ್ ತರಿಸಿ. ಒಟ್ಟು ಮೊತ್ತ ನೋಡಿ ಹೋಲಿಸಬೇಡಿ, ಪಾಯಿಂಟ್‌ಗೆ ಎಷ್ಟು ಅಂತ ಭಾಗಿಸಿ. ಜಿಎಸ್‌ಟಿ ಸೇರಿದೆಯಾ, ಗೋಡೆಯ ಪ್ಲೇಟ್, ಕೇಬಲ್‌ಗಳು ಬಂದು ಸೇರುವ ಪೆಟ್ಟಿಗೆ, ಪರೀಕ್ಷೆ ಎಲ್ಲ ಸೇರಿದೆಯಾ ನೋಡಿ. ನೋಂದಣಿ ಕಾರ್ಡ್ ತೋರಿಸಿ ಅಂತ ಕೇಳೋಕೆ ಸಂಕೋಚ ಬೇಡ, ಒಳ್ಳೆಯವರು ಬೇಜಾರು ಮಾಡ್ಕೊಳ್ಳಲ್ಲ. ಎಷ್ಟೋ ಎಲೆಕ್ಟ್ರಿಷಿಯನ್‌ಗಳಿಗೆ ಕೇಬಲರ್ ನೋಂದಣಿಯೂ ಇರುತ್ತೆ. ಕ್ವೀನ್ಸ್‌ಲ್ಯಾಂಡ್‌ನಲ್ಲಿ 2027ರ ಜನವರಿ 1ರೊಳಗೆ ಎಲ್ಲ ಮನೆಗಳಲ್ಲೂ ಒಂದಕ್ಕೊಂದು ಜೋಡಿಸಿದ ಸ್ಮೋಕ್ ಅಲಾರಂ ಇರಬೇಕು. ನಿಮ್ಮಲ್ಲಿ ಇನ್ನೂ ಆಗಿಲ್ಲದಿದ್ದರೆ ಎರಡೂ ಕೆಲಸ ಒಟ್ಟಿಗೆ ಮಾಡಿಸಿ, ಕಾಲ್‌ಔಟ್ ಒಂದೇ ಸಲ ಕಟ್ಟಿದ ಹಾಗಾಗುತ್ತೆ.

ಕೆಲಸ ಮುಗಿದ ಮೇಲೆ ಟಿಸಿಎ1 ಅನ್ನುವ ಪತ್ರ ಕೇಳಿ ಪಡೀರಿ. ಕೆಲಸ ನಿಯಮದ ಪ್ರಕಾರ ಆಗಿದೆ ಅಂತ ಕೇಬಲರ್ ಸಹಿ ಮಾಡಿ ಕೊಡುವ ಪತ್ರ ಅದು. ಆಮೇಲೆ ಲ್ಯಾಪ್‌ಟಾಪನ್ನು ಒಂದೊಂದು ಪಾಯಿಂಟ್‌ಗೂ ಸಿಕ್ಕಿಸಿ ಲಿಂಕ್ ಎಷ್ಟು ತೋರಿಸುತ್ತೆ ನೋಡಿ. 1 ಗಿಗಾಬಿಟ್ ಬರಬೇಕಾದ ಕಡೆ 100 ಅಂತ ಬಂದರೆ ಎಂಟು ಎಳೆಗಳಲ್ಲಿ ಯಾವುದೋ ಒಂದು ಸರಿಯಾಗಿ ಕೂತಿಲ್ಲದಿರಬಹುದು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡೇ ಸಾಕು. ಮೊದಲು ಪ್ಯಾಚ್ ಕೇಬಲ್ ಬದಲಿಸಿ ನೋಡಿ, ಆಗಲೂ ಹಾಗೇ ಇದ್ದರೆ ಬಿಲ್ ಕಟ್ಟುವ ಮುಂಚೆಯೇ ಹೇಳಿ.

ಬಾಡಿಗೆ ಮನೆಯವರು ಗೋಡೆ ಮುಟ್ಟುವ ಮುಂಚೆ ಮಾಲೀಕರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಒಪ್ಪಿಗೆ ಸಿಗದಿದ್ದರೆ ಗೋಡೆಯ ಅಂಚಿನಲ್ಲಿ ಉದ್ದದ ಪ್ಯಾಚ್ ಕೇಬಲ್ ಹಾಸಬಹುದು. ಎಡವದ ಹಾಗೆ ನೋಡ್ಕೊಳ್ಳಿ, ಮುಖ್ಯವಾಗಿ ಊರಿಂದ ಹಿರಿಯರು ಬಂದಾಗ. ಪವರ್ ಪಾಯಿಂಟ್ ಮೂಲಕ ಹೋಗುವ ಅಡಾಪ್ಟರ್ ಇನ್ನೊಂದು ದಾರಿ. ವೇಗ ಮನೆಯ ವೈರಿಂಗ್ ಮೇಲೆ ನಿಂತಿದೆ, ಹಾಗಾಗಿ ವಾಪಸ್ ತಗೊಳ್ಳುವ ಅಂಗಡಿಯಲ್ಲೇ ಕೊಳ್ಳಿ.

ಟ್ಯಾಕ್ಸ್ ಲೆಕ್ಕ

ನಮ್ಮ ಕಸುಬಿನ ಮಾತು ಹೇಳದೆ ಮುಗಿಸೋಕಾಗಲ್ಲ. ಮನೆಯಿಂದ ಕೆಲಸ ಮಾಡುವ ನೌಕರರು 2024ರ ಜುಲೈ 1ರಿಂದ ಗಂಟೆಗೆ 70 ಸೆಂಟ್ ಲೆಕ್ಕದಲ್ಲಿ ಕ್ಲೇಮ್ ಮಾಡಬಹುದು. ವಾರಕ್ಕೆ ಎರಡು ದಿನ, ದಿನಕ್ಕೆ 8 ಗಂಟೆ, ವರ್ಷಕ್ಕೆ 46 ವಾರ ಅಂದರೆ 736 ಗಂಟೆ, 515 ಡಾಲರ್ 20 ಸೆಂಟ್. ಇದು ಕೈಗೆ ಬರುವ ಹಣವಲ್ಲ, ಆದಾಯದಿಂದ ಕಳೆಯುವ ಮೊತ್ತ. ಇಂಟರ್ನೆಟ್ ಬಿಲ್ ಇದರೊಳಗೇ ಸೇರಿದೆ, ಮತ್ತೆ ಬೇರೆ ಹಾಕುವಂತಿಲ್ಲ. ಗಂಟೆಗಳ ದಾಖಲೆ ವರ್ಷ ಪೂರ್ತಿ ಬೇಕು, ಜೂನ್ ಕೊನೆಗೆ ಅಂದಾಜಿನಲ್ಲಿ ಬರೆದರೆ ನಡೆಯಲ್ಲ. 300 ಡಾಲರ್ ಒಳಗಿನ ರೂಟರ್ ಕೊಂಡಿದ್ದರೆ ಕೆಲಸಕ್ಕೆ ಬಳಸಿದ ಪಾಲನ್ನು ಅದೇ ವರ್ಷ ಬೇರೆಯಾಗಿ ತೋರಿಸಬಹುದು. ಗೋಡೆಯೊಳಗಿನ ಕೇಬಲ್ ಮನೆಯ ಭಾಗ ಆಗಿಬಿಡುತ್ತೆ, ಅದರ ಲೆಕ್ಕ ಬೇರೆ. ನಿಮ್ಮ ಟ್ಯಾಕ್ಸ್ ಏಜೆಂಟನ್ನು ಕೇಳದೆ ಹಾಕಬೇಡಿ.

ಕರೆಂಟ್ ಹೋದರೆ ಎಷ್ಟೇ ಒಳ್ಳೆ ಕೇಬಲ್ ಇದ್ದರೂ ಏನೂ ನಡೆಯಲ್ಲ. 2025ರ ಮಾರ್ಚ್‌ನಲ್ಲಿ ಆಲ್ಫ್ರೆಡ್ ಚಂಡಮಾರುತ ಬಂದಾಗ ಆಗ್ನೇಯ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಎಷ್ಟು ಮನೆಗಳು ಕತ್ತಲಲ್ಲಿದ್ದವು ಅಂತ ನಮಗೆಲ್ಲ ಗೊತ್ತು. ಊರಲ್ಲಿ ಯುಪಿಎಸ್ ಇಟ್ಟುಕೊಂಡು ಬೆಳೆದವರು ನಾವು. ಎನ್‌ಬಿಎನ್ ಪೆಟ್ಟಿಗೆಗೂ ರೂಟರ್‌ಗೂ ಸಣ್ಣದೊಂದು ಯುಪಿಎಸ್ ಇಟ್ಟರೆ ಸ್ವಲ್ಪ ಹೊತ್ತಾದರೂ ಮನೆಯವರ ಜೊತೆ ಮಾತಾಡಬಹುದು. ಫೋನಿನ ಚಾರ್ಜ್ ಮಾತ್ರ ಉಳಿಸಿಕೊಂಡಿರಿ.

ಈಗ ನಮ್ಮ ಮನೆಯಲ್ಲಿ ಅಜ್ಜಿಯ ಕಾಲ್ ಕಟ್ ಆಗಲ್ಲ, ಮುಗಿಯುವುದೂ ಇಲ್ಲ. ಖರ್ಚು ಒಂದೇ ಸಲದ್ದು. ನೀವೂ ಹಾಕಿಸುವುದಾದರೆ ಲೆಕ್ಕ ಹಾಕಿ, ಕಾರ್ಡ್ ನೋಡಿ, ಕಾಗದ ತಗೊಳ್ಳಿ. ನೂರಿನ್ನೂರು ಡಾಲರ್ ಉಳಿಸೋಕೆ ಹೋಗಿ ನಮ್ಮವರ ಮಕ್ಕಳನ್ನು ಸೂರಿಗೆ ಹತ್ತಿಸಬೇಡಿ.