ಶೀಟಿನ ಮಾಡು ಹಗುರ, ಅದಕ್ಕೇ ಪಾಯ ಭಾರ ಇರಬೇಕು

ದಕ್ಷಿಣ ಕನ್ನಡದ ಕಡೆ ಮನೆ ಅಂದ್ರೆ ಮೊದಲು ಜಗಲಿ. ಬಂದವರು ಕೂರೋದು ಅಲ್ಲಿ, ಅಡಿಕೆ ಸುಲಿಯೋದು ಅಲ್ಲಿ, ಮಳೆಗಾಲದಲ್ಲಿ ಬಟ್ಟೆ ಒಣಗಿಸೋದೂ ಅಲ್ಲೇ. ಮೊದಲೆಲ್ಲ ಅದರ ಮೇಲೆ ಹಂಚಿನ ಮಾಡು ಇರ್ತಿತ್ತು. ಈಗ ಪಕ್ಕಾಸು, ರೀಪು ಗೆದ್ದಲು ಹಿಡಿದಾಗ ಹಂಚು ಇಳಿಸಿ, ಜಿಐ ಪೈಪ್ ನಿಲ್ಲಿಸಿ, ಶೀಟ್ ಹಾಕಿಬಿಡ್ತಾರೆ. ನಮ್ಮ ಮನೆಯಲ್ಲೂ ಈ ಬೇಸಿಗೆಗೆ ಅದೇ ಪ್ಲಾನ್. ಕಂಬದ ಪಾಯದ ಮಾತು ಬಂದಾಗ ಮೇಸ್ತ್ರಿ ಅಪ್ಪನಿಗೆ ಹೇಳಿದ್ದು ಇಷ್ಟು: "ಒಂದು ಅಡಿ ಗುಂಡಿ ಸಾಕು ಅಣ್ಣ, ಶೀಟಿಗೆ ಎಂಥ ಭಾರ ಉಂಟು?"

ಕೇಳಿದ್ರೆ ಸರಿ ಅನ್ನಿಸತ್ತೆ. ಭಾರ ಕಡಿಮೆ ಆದ್ರೆ ಪಾಯ ಸಣ್ಣದು ಸಾಕಲ್ವಾ? ಆದರೆ ಲೆಕ್ಕ ಹಾಕಿ ನೋಡಿದರೆ ಉತ್ತರ ಪೂರ್ತಿ ಉಲ್ಟಾ ಬರತ್ತೆ. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳ್ತೀನಿ. ಸಿವಿಲ್ ಬ್ರಾಂಚ್ ಅಲ್ಲದವರೂ ಓದಬಹುದು, ಗುಣಾಕಾರ ಬಂದ್ರೆ ಸಾಕು.

ಗಾಳಿ ಮಾಡನ್ನು ಎತ್ತುವುದು ಹೇಗೆ?

ಜಗಲಿ ಮೂರು ಕಡೆ ತೆರೆದಿರತ್ತೆ, ಹಿಂದೆ ಮನೆಯ ಗೋಡೆ. ಮುಂದಿನಿಂದ ಬೀಸಿದ ಗಾಳಿ ಒಳಗೆ ನುಗ್ಗಿ ಗೋಡೆಗೆ ಬಡಿದು ಅಲ್ಲೇ ನಿಲ್ಲತ್ತೆ. ಮುಂದೆ ಹೋಗೋಕೆ ದಾರಿ ಇಲ್ಲ, ಹಾಗಾಗಿ ಮಾಡನ್ನು ಕೆಳಗಿನಿಂದ ಮೇಲಕ್ಕೆ ಒತ್ತತ್ತೆ. ಅದೇ ಹೊತ್ತಿಗೆ ಮಾಡಿನ ಮೇಲಿಂದ ಹಾದು ಹೋಗುವ ಗಾಳಿಯ ವೇಗ ಜಾಸ್ತಿ, ಒತ್ತಡ ಕಡಿಮೆ. ಅದು ಮೇಲಿನಿಂದ ಎಳೆಯತ್ತೆ. ಒಂದು ಕಡೆ ಒತ್ತುವುದು, ಇನ್ನೊಂದು ಕಡೆ ಎಳೆಯುವುದು, ಎರಡೂ ಒಂದೇ ದಿಕ್ಕಿಗೆ. ಗಾಳಿಗೆ ಕೊಡೆ ಮಗುಚಿಕೊಳ್ಳತ್ತಲ್ಲ, ಅದೇ ಕಥೆ.

ಗಾಳಿಯ ಒತ್ತಡಕ್ಕೆ ನಮ್ಮ ದೇಶದ ಮಾನದಂಡ ಐಎಸ್ 875ರ ಭಾಗ 3. ಅದರ ಮೂಲ ಸೂತ್ರ ತುಂಬಾ ಸುಲಭ:

ಒತ್ತಡ = 0.6 × ವೇಗ × ವೇಗ

ವೇಗ ಮೀಟರ್ ಪ್ರತಿ ಸೆಕೆಂಡಿನಲ್ಲಿ, ಉತ್ತರ ಚದರ ಮೀಟರಿಗೆ ನ್ಯೂಟನ್‌ಗಳಲ್ಲಿ. 0.6 ಎಲ್ಲಿಂದ ಬಂತು ಅಂತ ಕೇಳಿದ್ರೆ, ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಗೊತ್ತಾಗತ್ತೆ. ಬರ್ನೂಲಿಯ ಅರ್ಧ ರೋ ವಿ ಸ್ಕ್ವೇರ್. ಗಾಳಿಯ ಸಾಂದ್ರತೆ ಸುಮಾರು 1.2, ಅದರ ಅರ್ಧ 0.6. ಪರೀಕ್ಷೆಗೆ ಉರು ಹೊಡೆದ ಸೂತ್ರ ಇಲ್ಲಿ ನಮ್ಮ ಮನೆ ಮಾಡಿನ ಮೇಲೇ ಬಂದು ಕೂತಿದೆ.

ಅದೇ ಮಾನದಂಡದಲ್ಲಿ ಮಂಗಳೂರಿಗೆ ಕೊಟ್ಟಿರುವ ಮೂಲ ಗಾಳಿ ವೇಗ ಸೆಕೆಂಡಿಗೆ 39 ಮೀಟರ್, ಅಂದ್ರೆ ಗಂಟೆಗೆ ಸುಮಾರು 140 ಕಿ.ಮೀ. ಬೆಂಗಳೂರಿಗೆ 33. ಇದು ದಿನಾ ಬೀಸುವ ಗಾಳಿ ಅಲ್ಲ. ಸುಮಾರು 50 ವರ್ಷಕ್ಕೊಮ್ಮೆ ಬರಬಹುದಾದ, ಮೂರು ಸೆಕೆಂಡಿನ ರಭಸದ ಲೆಕ್ಕ. ಆದರೆ ಮಾಡು ಹಾರೋಕೆ ಆ ಮೂರು ಸೆಕೆಂಡು ಸಾಕು.

39 ಹಾಕಿದರೆ: 0.6 × 39 × 39 = 912 ನ್ಯೂಟನ್. ಚದರ ಮೀಟರಿಗೆ ಸುಮಾರು 93 ಕೆ.ಜಿ. ಭಾರಕ್ಕೆ ಸಮ. ನಿಜವಾದ ಡಿಸೈನ್‌ನಲ್ಲಿ ನೆಲದ ಸ್ವರೂಪ, ಮಾಡಿನ ಇಳಿಜಾರು ಇವಕ್ಕೆಲ್ಲ ಬೇರೆ ಬೇರೆ ಗುಣಕ ಇರತ್ತೆ. ಅರ್ಥ ಆಗಲಿ ಅಂತ ಇಲ್ಲಿ ಎಲ್ಲವನ್ನೂ 1 ಅಂತ ಇಟ್ಟುಕೊಂಡಿದ್ದೀನಿ. ಮಾಡಿನ ಅಂಚು, ಮೂಲೆಗಳಲ್ಲಿ ಎಳೆತ ಇದಕ್ಕಿಂತ ಜಾಸ್ತಿಯೇ ಇರತ್ತೆ.

ಹಂಚು ಮತ್ತು ಶೀಟ್

ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಂಗಳೂರು ಹಂಚು ಊರೂರಿಗೆ ಹೋಯಿತು. ರೀಪು ಸೇರಿ ಹಂಚಿನ ಮಾಡಿನ ತೂಕ ಚದರ ಮೀಟರಿಗೆ ಸುಮಾರು 65 ಕೆ.ಜಿ. ಗಾಳಿ 93 ಕೆ.ಜಿ. ಎತ್ತಿದರೂ ಅದರಲ್ಲಿ ಬಹುಪಾಲನ್ನು ಹಂಚು ತನ್ನ ತೂಕದಿಂದಲೇ ತಡೆಯತ್ತೆ. ಪಕ್ಕಾಸಿನ ತೂಕ ಬೇರೆ. ಹಂಚುಗಳ ಸಂದಿಯಿಂದ ಗಾಳಿ ಸ್ವಲ್ಪ ಹೊರಗೂ ಹೋಗತ್ತೆ. ನಾಲ್ಕು ಹಂಚು ಹಾರಬಹುದು, ಇಡೀ ಮಾಡು ಏಳೋದು ಅಪರೂಪ.

ಶೀಟ್ ಮಾಡು? ಪೈಪ್ ಎಲ್ಲಾ ಸೇರಿ ಚದರ ಮೀಟರಿಗೆ 12 ಕೆ.ಜಿ. ಅಂತ ಇಟ್ಕೊಳ್ಳಿ. 93ರಲ್ಲಿ 12 ಕಳೆದರೆ 81 ಕೆ.ಜಿ. ಉಳೀತು. ಅದನ್ನು ಹಿಡಿದಿಡೋಕೆ ಮಾಡಿನ ತೂಕ ಇಲ್ಲ. ಹಾಗಾದರೆ ಯಾರು ಹಿಡಿಯಬೇಕು? ಕಂಬ ಮತ್ತು ಅದರ ಪಾಯ.

ಒಂದು ಜಗಲಿಯ ಲೆಕ್ಕ

ಜಗಲಿ 6 ಮೀಟರ್ ಉದ್ದ, 2.4 ಮೀಟರ್ ಅಗಲ ಇದೆ ಅನ್ನಿ. ವಿಸ್ತೀರ್ಣ 14.4 ಚದರ ಮೀಟರ್. ಮುಂದೆ ಮೂರು ಕಂಬ, ಹಿಂದೆ ಗೋಡೆ.

ಒಟ್ಟು ಎತ್ತುವ ಬಲ: 14.4 × 81 = ಸುಮಾರು 1,166 ಕೆ.ಜಿ.
ಅರ್ಧ ಗೋಡೆ ಕಡೆಗೆ, ಅರ್ಧ ಕಂಬಗಳ ಕಡೆಗೆ: 583 ಕೆ.ಜಿ.
ಅದರಲ್ಲಿ ನಡುವಿನ ಕಂಬದ ಪಾಲು ಅರ್ಧ: ಸುಮಾರು 290 ಕೆ.ಜಿ.

ಈಗ ಒಂದು ಅಡಿ ಗುಂಡಿ ನೋಡೋಣ. ಉದ್ದ, ಅಗಲ, ಆಳ ಎಲ್ಲಾ 0.3 ಮೀಟರ್. ಕಾಂಕ್ರೀಟ್ 0.027 ಘನ ಮೀಟರ್. ಘನ ಮೀಟರಿಗೆ 2,400 ಕೆ.ಜಿ. ಲೆಕ್ಕದಲ್ಲಿ ತೂಕ 65 ಕೆ.ಜಿ. ಎಳೆಯುವುದು 290, ಹಿಡಿಯುವುದು 65. ಸುತ್ತಲಿನ ಮಣ್ಣು ಸ್ವಲ್ಪ ಹಿಡಿಯಬಹುದು, ಆದರೆ ಮಳೆಗೆ ನೆನೆದ ಮಣ್ಣನ್ನು ನಂಬಿ ಕೂರೋಕಾಗಲ್ಲ.

ಅದೇ ಗುಂಡಿಯನ್ನು ಮೂರೂ ಕಡೆ 0.6 ಮೀಟರ್, ಅಂದ್ರೆ ಎರಡು ಅಡಿ ಮಾಡಿದರೆ? ಅಳತೆ ಎರಡು ಪಟ್ಟು, ಗಾತ್ರ ಎಂಟು ಪಟ್ಟು. 0.216 ಘನ ಮೀಟರ್, ಸುಮಾರು 518 ಕೆ.ಜಿ. 290ಕ್ಕೆ ಒಳ್ಳೆ ಅಂತರ ಬಂತು. ಪಾಯ ನೆಲಮಟ್ಟದಿಂದ ಕನಿಷ್ಠ 500 ಮಿ.ಮೀ. ಕೆಳಗೆ ಹೋಗಬೇಕು ಅನ್ನುವ ಐಎಸ್ 1904ರ ಮಾತೂ ಇದರಲ್ಲೇ ನಡೆದುಹೋಗತ್ತೆ.

ಖರ್ಚು ಎಷ್ಟು ಜಾಸ್ತಿ? ಮೂರು ಕಂಬಕ್ಕೆ ಸೇರಿ ಅರ್ಧ ಘನ ಮೀಟರಿಗಿಂತ ತುಸು ಹೆಚ್ಚು ಕಾಂಕ್ರೀಟ್. ಎಂ20 ಮಿಶ್ರಣದಲ್ಲಿ ನಾಲ್ಕೈದು ಚೀಲ ಸಿಮೆಂಟ್, ಅದಕ್ಕೆ ತಕ್ಕ ಮರಳು, ಜಲ್ಲಿ. ಹಾರಿದ ಶೀಟ್ ಪಕ್ಕದ ಮನೆಯ ಅಂಗಳಕ್ಕೆ ಬೀಳುವುದರ ಮುಂದೆ ಇದು ಏನೂ ಅಲ್ಲ. ಜಗಲಿಯಲ್ಲಿ ದಿನವಿಡೀ ಕೂರುವವರು ಅಜ್ಜ, ಅಜ್ಜಿ ಮತ್ತು ಮಕ್ಕಳು ಅನ್ನೋದನ್ನೂ ಮರೀಬಾರದು.

ಸರಪಳಿ ಎಲ್ಲೂ ಕಡಿಯಬಾರದು

ಪಾಯ ಭಾರ ಮಾಡಿದ್ರೆ ಮುಗೀಲಿಲ್ಲ. ಎಳೆತ ಶೀಟಿನಿಂದ ಸ್ಕ್ರೂಗೆ, ಅಲ್ಲಿಂದ ಅಡ್ಡ ಪೈಪಿಗೆ, ಕಂಬಕ್ಕೆ, ಬೇಸ್ ಪ್ಲೇಟಿಗೆ, ಬೋಲ್ಟಿಗೆ, ಕೊನೆಗೆ ಕಾಂಕ್ರೀಟಿಗೆ ಹೋಗಬೇಕು. ಯಾವುದೋ ಒಂದು ಕೊಂಡಿ ಸಡಿಲ ಇದ್ದರೂ ಉಳಿದದ್ದೆಲ್ಲ ದಂಡ.

ಸ್ಕ್ರೂಗಳು ರಬ್ಬರ್ ವಾಷರ್ ಇರುವಂಥದ್ದಾಗಲಿ. ಮಾಡಿನ ಅಂಚಿನಲ್ಲಿ ಅವನ್ನು ಹತ್ತಿರ ಹತ್ತಿರ ಹಾಕಿಸಿ.

ಪೈಪನ್ನು ನೇರ ಮಣ್ಣಿಗೆ ಹೂಳಬೇಡಿ. ನೆಲಮಟ್ಟದ ಹತ್ತಿರವೇ ತುಕ್ಕು ಹಿಡಿದು ತೆಳ್ಳಗಾಗತ್ತೆ, ಹೊರಗೆ ಬಳಿದ ಬಣ್ಣದಿಂದ ಅದು ಕಾಣಿಸೋದೂ ಇಲ್ಲ. ಕಾಂಕ್ರೀಟ್ ಕಟ್ಟೆಯನ್ನು ನೆಲದಿಂದ ಸ್ವಲ್ಪ ಮೇಲಕ್ಕೆ ತಂದು, ಕಾಂಕ್ರೀಟ್ ಹಾಕುವಾಗಲೇ ಬಗ್ಗಿಸಿದ 12 ಮಿ.ಮೀ. ಬೋಲ್ಟ್‌ಗಳನ್ನು ಆಳಕ್ಕೆ ಇಳಿಸಿ, ಅದರ ಮೇಲೆ ಬೇಸ್ ಪ್ಲೇಟ್ ಕೂರಿಸುವುದು ಸರಿಯಾದ ಕ್ರಮ.

ಗೋಡೆ ಕಡೆಗೆ ಇನ್ನೂ ಹುಷಾರು. ಅಲ್ಲೂ 583 ಕೆ.ಜಿ. ಎಳೆತ ಇದೆ. ನಮ್ಮ ಕಡೆ ಗೋಡೆ ಕೆಂಪು ಕಲ್ಲಿನದ್ದು, ಅದರಲ್ಲಿ ತೂತು ಜಾಸ್ತಿ. ಡ್ರಿಲ್ ಮಾಡಿ ಹೊಡೆದ ಸಣ್ಣ ಫಾಸ್ಟನರ್ ಅಲ್ಲಿ ಬಿಗಿಯಾಗಿ ಹಿಡಿಯಲ್ಲ. ಗೋಡೆಯ ಆಚೆವರೆಗೆ ಬೋಲ್ಟ್ ತೂರಿಸಿ ಒಳಗಡೆ ಪ್ಲೇಟ್ ಕೊಡಬಹುದು. ಇಲ್ಲವೇ ಗೋಡೆ ಪಕ್ಕದಲ್ಲೂ ಬೇರೆ ಕಂಬ ನಿಲ್ಲಿಸಬಹುದು. ಬೇರೆ ಕಂಬ ಇದ್ದರೆ ಹಳೇ ಮನೆ, ಹೊಸ ಜಗಲಿ ಬೇರೆ ಬೇರೆಯಾಗಿ ಕುಸಿದರೂ ಗೋಡೆ ಬಿರುಕು ಬಿಡಲ್ಲ.

ಪೈಪ್ ಬದಲು ಆರ್‌ಸಿಸಿ ಕಂಬ ಹಾಕುವವರಿಗೆ ಒಂದು ಮಾತು. ಐಎಸ್ 456 ಪ್ರಕಾರ ಕರಾವಳಿಯ ಹವೆಗೆ, ಜೋರು ಮಳೆಗೆ ಒಡ್ಡಿಕೊಂಡ ಕಾಂಕ್ರೀಟ್ 'ತೀವ್ರ' ವರ್ಗಕ್ಕೆ ಬರತ್ತೆ. ಆಗ ಆರ್‌ಸಿಸಿಗೆ ಕನಿಷ್ಠ ಎಂ30, ಕಬ್ಬಿಣದ ಹೊರಗೆ 45 ಮಿ.ಮೀ. ಕಾಂಕ್ರೀಟ್ ಕವರ್ ಬೇಕು. ಕಬ್ಬಿಣ ಇಲ್ಲದ, ನಮ್ಮ ಪಾಯದಂಥ ಬರೀ ಕಾಂಕ್ರೀಟಿಗೆ ಎಂ20 ಸಾಕು. ಎರಡಕ್ಕೂ ಕನಿಷ್ಠ ಏಳು ದಿನ ನೀರು ಹಾಕಲೇಬೇಕು. ಮಳೆ ಬಂದ್ರೆ ಸಾಕು ಅಂತ ಬಿಡಬೇಡಿ, ಏಪ್ರಿಲ್ ಬಿಸಿಲಿಗೆ ಇನ್ನೂ ಮೂರು ದಿನ ಸೇರಿಸಿ.

ನೀರಿನ ವಿಷಯ ಚಿಕ್ಕದಾಗಿ: ಜಗಲಿ ನೆಲ ಹೊರಗಡೆಗೆ ಮೀಟರಿಗೆ 10ರಿಂದ 15 ಮಿ.ಮೀ. ಇಳಿಜಾರು ಇರಲಿ. ಹೊಸದಾಗಿ ಕಟ್ಟುವವರಿಗೆ ನ್ಯಾಷನಲ್ ಬಿಲ್ಡಿಂಗ್ ಕೋಡ್ ಹೇಳುವ ಪ್ಲಿಂತ್ ಎತ್ತರ ಸುತ್ತಲಿನ ನೆಲದಿಂದ ಕನಿಷ್ಠ 450 ಮಿ.ಮೀ. ಜಗಲಿ ಮುಂದಕ್ಕೆ ಚಾಚುವುದಾದರೆ ಸೆಟ್‌ಬ್ಯಾಕ್ ಎಷ್ಟು ಬಿಡಬೇಕು ಅಂತ ಪಂಚಾಯತಿನಲ್ಲಿ ಮೊದಲೇ ಕೇಳಿ.

ಮೇಸ್ತ್ರಿಗೆ ಹೇಳುವುದು ಹೇಗೆ?

"ಕೋಡ್‌ನಲ್ಲಿ ಹೀಗಿದೆ" ಅಂದ್ರೆ ಯಾರಿಗೂ ಇಷ್ಟ ಆಗಲ್ಲ, ಅದೂ ಸೆಕೆಂಡ್ ಇಯರ್ ಹುಡುಗ ಹೇಳಿದ್ರೆ. ನಿಜ ಹೇಳಬೇಕಂದ್ರೆ ಮೇಸ್ತ್ರಿಯ ಲೆಕ್ಕ ಹಂಚಿನ ಕಾಲದಲ್ಲಿ ಸರಿಯಾಗಿಯೇ ಇತ್ತು. ಭಾರದ ಮಾಡಿಗೆ ದೊಡ್ಡ ಪಾಯ, ಹಗುರದ್ದಕ್ಕೆ ಸಣ್ಣದು. ಆಗ ಬಲ ಕೆಳಮುಖ. ಮಾಡು ಬದಲಾದಾಗ ಬಲದ ದಿಕ್ಕೂ ಬದಲಾಯಿತು, ರೂಢಿ ಮಾತ್ರ ಹಾಗೇ ಉಳೀತು. ಅದಕ್ಕೆ ನಾನು ಕೇಳಿದ್ದು ಇಷ್ಟೇ: "ಅಣ್ಣ, ಗಾಳಿಗೆ ಮಾಡು ಮೇಲೆ ಏಳೋಕೆ ನೋಡಿದ್ರೆ ಅದನ್ನು ಹಿಡಿಯೋದು ಯಾವುದು?" ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ "ಎರಡು ಅಡಿ ತೆಗೆಯುವ" ಅಂದ್ರು.

ರಜೆಗೆ ಊರಿಗೆ ಹೋದಾಗ ನಿಮ್ಮ ಮನೆಯ ಶೀಟ್ ಮಾಡಿನ ಕೆಳಗೆ ನಿಂತು ಮೂರು ವಿಷಯ ನೋಡಿ. ಕಂಬದ ಬುಡದಲ್ಲಿ ತುಕ್ಕು ಇದೆಯಾ? ಗೋಡೆಗೆ ಸೇರುವ ಜಾಗದಲ್ಲಿ ಬೋಲ್ಟ್ ಅಲುಗಾಡತ್ತಾ? ಪಾಯ ಎಷ್ಟು ಆಳ ಅಂತ ಕಟ್ಟಿಸಿದವರಿಗೆ ನೆನಪಿದೆಯಾ? ಅನುಮಾನ ಬಂದ್ರೆ ಅಳತೆ ಬರ್ಕೊಂಡು ಬನ್ನಿ. ನಮ್ಮ ಸಿವಿಲ್ ವಿಭಾಗದ ಮೇಷ್ಟ್ರುಗಳಿಗೆ ತೋರಿಸಿ, ಗುಣಕಗಳನ್ನೆಲ್ಲ ಸರಿಯಾಗಿ ಹಾಕಿ ಲೆಕ್ಕ ಮಾಡೋಣ. ಮುಂಗಾರಿಗೆ ಮುಂಚೆ ಏಪ್ರಿಲ್, ಮೇನಲ್ಲೇ ಗಾಳಿಮಳೆ ಶುರುವಾಗತ್ತೆ, ಅಷ್ಟರೊಳಗೆ ಆಗಬೇಕು.